ರಾಜಿ ಕಂಬಳಿ

ನನ್ನ ಅವ್ವ ತನ್ನ ಹಿರಿಯ ಮಗನಿಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಪ್ರಶ್ನೆ ಕೇಳುತ್ತ ಬಂದಳು. ಅಣ್ಣನೂ ಅಷ್ಟು ವರ್ಷ ಒಂದೇ ಉತ್ತರ ಕೊಡುತ್ತ ಬಂದ. ಅವಳು "ಕುಂತ್ರೇನಪಾ ಅವರು?" ಅನ್ನುವಳು. ಅವನು "ಕಂಬಳಿ ಕಳದ ಹೋಯ್ತವ್ವ" ಅನ್ನುವನು. ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೂ ಯಾರೂ ಮುಂದಕ್ಕೆ ಕೆದಕುತ್ತಿರಲಿಲ್ಲ. ನಾನೊಬ್ಬಳು ಮಾತ್ರ ಕೆದಕುತ್ತಿದ್ದೆ. ನನ್ನ ಬಾಯಿ ಹುಟ್ಟಿನಿಂದಲೇ ಸ್ವಲ್ಪ ಮುಂದು. ನಾನು ಬಾಯಿ ತೆರೆದ ಕೂಡಲೇ ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದುಬಿಡುತ್ತಿದ್ದ.

"ಅವರು" ಅಂದರೆ ಶ್ರೀಲಂಕಾದಲ್ಲಿ ಬಡಿದಾಡಿಕೊಂಡ ಎರಡು ಕಡೆಯ ಜನ. ಅಲ್ಲಿಯ ತಮಿಳರಿಗೂ ಸಿಂಹಳೀಯರಿಗೂ ನಡುವೆ ಹೊತ್ತಿದ ಬೆಂಕಿ ಆರಿಸಲು ನಮ್ಮ ಸರಕಾರ ಆ ದೇಶದ ಸರಕಾರದೊಂದಿಗೆ ಒಪ್ಪಂದ ಮಾಡಿಕೊಂಡು, ಶಾಂತಿ ಕಾಯಲೆಂದು ಸೈನ್ಯ ಕಳಿಸಿತಲ್ಲ, ಆ ಸೈನ್ಯದಲ್ಲಿ ನಮ್ಮ ಅಣ್ಣನೂ ಇದ್ದ. ಈಗ ನಾನು ಶಾಲೆಯಲ್ಲಿ ಈ ಮಾತು ತೆಗೆದರೆ ನನಗಿಂತ ಕಿರಿಯ ಶಿಕ್ಷಕರು ಹೌದೇನ್ರೀ ಎಂದು ಹುಬ್ಬೇರಿಸುತ್ತಾರೆ. ದೇಶ ಮರೆತುಬಿಟ್ಟ ಸಂಗತಿ ಅದು. ನಮ್ಮ ಮನೆಯಲ್ಲಿ ಮಾತ್ರ ಕಳೆದ ಚಳಿಗಾಲದವರೆಗೂ ಅದು ಹಳೆಯದಾಗಿರಲಿಲ್ಲ.

ಮೊದಲು ಕಂಬಳಿಯ ವಿಷಯ ಹೇಳಬೇಕು. ನನ್ನ ತವರೂರು ಕಮಠಾಣ. ಕುರಿ ಸಾಕಿಕೊಂಡು, ಒಣ ಹೊಲದಲ್ಲಿ ಜೋಳ, ತೊಗರಿ ಬೆಳೆದುಕೊಂಡು ಬಂದ ಮನೆತನ ನಮ್ಮದು. ಹೊದೆಯುವ ಕಂಬಳಿಗಳಿಗೆ ಮನೆಯಲ್ಲಿ ಬರವಿರಲಿಲ್ಲ. ಆದರೆ ಸೂರಿನಡಿ ಅಡ್ಡ ಕಟ್ಟಿದ ಗಳದ ಮೇಲೆ ಬೇವಿನ ಸೊಪ್ಪಿನ ನಡುವೆ ಮಡಿಚಿಟ್ಟ ಒಂದು ಕರಿ ಕಂಬಳಿ ಇತ್ತು. ಎಂಥ ಚಳಿ ಬಿದ್ದರೂ ಅದನ್ನು ಯಾರೂ ಹೊದೆಯುವಂತಿರಲಿಲ್ಲ. ನಮ್ಮ ಅಜ್ಜ ಓಣಿಯ ಪ್ರತಿ ಮನೆಯಿಂದ ಒಂದೊಂದು ಹಿಡಿ ಉಣ್ಣೆ ಬೇಡಿ ತಂದು ನೇಯಿಸಿದ ಕಂಬಳಿಯಂತೆ ಅದು. ಹಾಗಾಗಿ ನಮ್ಮ ಮನೆಯಲ್ಲಿದ್ದರೂ ಅದು ನಮ್ಮದಲ್ಲ, ಎಲ್ಲರದು. ಅದಕ್ಕೆ ರಾಜಿ ಕಂಬಳಿ ಅನ್ನುತ್ತಿದ್ದರು.

ಕುರಿ ಬೆಳೆಗೆ ನುಗ್ಗಿತೆಂದೋ, ಬದು ಒತ್ತಿದರೆಂದೋ, ಸೊಸೆ ಮುನಿಸಿಕೊಂಡು ತವರಿಗೆ ಹೋದಳೆಂದೋ ಎರಡು ಮನೆಗಳ ನಡುವೆ ಮಾತು ನಿಂತರೆ ಹಿರಿಯರು ನಮ್ಮ ಅಂಗಳಕ್ಕೆ ಬರುತ್ತಿದ್ದರು. ಅಪ್ಪ ಬೇವಿನ ಮರದ ಕೆಳಗೆ ಆ ಕಂಬಳಿ ಹಾಸುವನು. ಹಾಸುವ ಮೊದಲು ಅವನು ತನ್ನ ಬಡಿಗೆಯನ್ನು ಅಂಗಳದಾಚೆ ದೊಡ್ಡಿಯ ಗೋಡೆಗೆ ಒರಗಿಸಿ ಬರಬೇಕು. ಕುರಿ ಕಾಯುವವನ ಕೈಯಿಂದ ಬಡಿಗೆ ಬಿಡಿಸುವುದು ಸಣ್ಣ ಮಾತಲ್ಲ, ನಮ್ಮವರು ಉಣ್ಣುವಾಗಲೂ ಅದನ್ನು ತೊಡೆಯ ಪಕ್ಕ ಇಟ್ಟುಕೊಳ್ಳುವವರು. ಆದರೆ ರಾಜಿಯಲ್ಲಿ ಹಾಸುವವನೇ ಮೊದಲು ಇಡಬೇಕು. ಅವನು ಇಟ್ಟದ್ದನ್ನು ನೋಡಿ ಜಗಳವಾಡಿದವರು ತಮ್ಮದನ್ನು ಇಡಬೇಕು. ಆಮೇಲೆ ಇಬ್ಬರೂ ಬಂದು ಆ ಒಂದೇ ಕಂಬಳಿಯ ಮೇಲೆ ಕೂಡಬೇಕು. ಕೂತ ಮೇಲೆ ಒಬ್ಬರ ಬಾಯಿಗೆ ಒಬ್ಬರು ಬೆಲ್ಲ ಇಡುವ ತನಕ ಏಳುವಂತಿಲ್ಲ.

ನಾನು ಕಣ್ಣಾರೆ ಕಂಡ ಒಂದು ರಾಜಿ ಈಗಲೂ ನೆನಪಿದೆ. ನಮ್ಮ ಕಾಕಾನ ಕುರಿಗಳು ಊರಿನ ಮುಸಲ್ಮಾನ ರೈತರೊಬ್ಬರ ಹೆಸರುಕಾಳಿನ ಹೊಲಕ್ಕೆ ನುಗ್ಗಿ ಅರ್ಧ ಹೊಲ ಬೋಳು ಮಾಡಿದ್ದವು. ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ಕೂತರು. ಸೆಕೆ ಬೇರೆ. ಆ ಕಂಬಳಿಯೋ, ಮುಳ್ಳಿನ ಹಾಗೆ ಚುಚ್ಚುವ ಒರಟು ಉಣ್ಣೆ. ಸ್ವಲ್ಪ ಹೊತ್ತಿಗೆ ಆ ಹಿರಿಯರು ಲುಂಗಿ ಸರಿಮಾಡಿಕೊಳ್ಳುತ್ತ, ತಮ್ಮ ದಖನಿ ಉರ್ದುವಿನಲ್ಲಿ ಕನ್ನಡ ಬೆರೆಸಿ, ಹೆಸರುಕಾಳು ಹೋದರೆ ಹೋಯಿತು, ಈ ಕಂಬಳಿಯಿಂದ ನನ್ನನ್ನು ಎಬ್ಬಿಸಿ ಮಾರಾಯರೇ ಎಂದು ಗೊಣಗಿದರು. ಕಾಕಾನಿಗೆ ನಗು ತಡೆಯಲಾಗಲಿಲ್ಲ. ನಕ್ಕವನು ಮತ್ತೆ ಹೇಗೆ ಸಿಟ್ಟು ತಂದುಕೊಂಡಾನು? ಬೆಲ್ಲ ತರಿಸಿದರು. ಅಜ್ಜ ಬೇಕೆಂದೇ ಒರಟು ಉಣ್ಣೆ ಆರಿಸಿದ್ದನೆಂದು ಅಪ್ಪ ಹೇಳುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಹಾಸುವ ಕೆಲಸ ಹಿರಿಯ ಮಗನ ಪಾಲಿಗೆ ಬಂತು. ಅಣ್ಣ ಅಷ್ಟರಲ್ಲಿ ಸೈನ್ಯ ಸೇರಿದ್ದ. ರಜೆಗೆ ಬಂದಾಗ ಒಂದೆರಡು ರಾಜಿ ಅವನ ಕೈಯಿಂದಲೂ ಆದವು. ದೊಡ್ಡಿಯ ಗೋಡೆಗೆ ಬಡಿಗೆ ಒರಗಿಸಿ, ಅಪ್ಪನ ಹಾಗೆಯೇ ಎರಡೂ ಕೈ ಜಾಡಿಸಿ ತೋರಿಸಿ ಬರುತ್ತಿದ್ದ. ಅವನ ಗಂಭೀರ ಮುಖ ನೋಡಿ ನನಗೆ ನಗು ಬರುತ್ತಿತ್ತು. ಒಳಗೊಳಗೆ ಹೆಮ್ಮೆಯೂ ಇತ್ತು.

ಅಂಥದೊಂದು ರಜೆಯಲ್ಲಿದ್ದಾಗಲೇ ತಂತಿ ಬಂತು. ಲಂಕೆಗೆ ಹೋಗಬೇಕು. ಲಂಕೆ ಅಂದರೆ ನಮ್ಮ ಓಣಿಯವರಿಗೆ ಪುರಾಣದ ಊರು. ಅಲ್ಲಿ ಮನುಷ್ಯರು ಮನೆ ಕಟ್ಟಿಕೊಂಡು ಗದ್ದೆ ಮಾಡಿಕೊಂಡು ಇರುತ್ತಾರೆಂದು ಅವ್ವ ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಯುದ್ಧವೇನು ಎಂದು ಕೇಳಿದಳು. ಯುದ್ಧವಲ್ಲ, ಜಗಳ ಬಿಡಿಸಿ ಶಾಂತಿ ಮಾಡಿಸಲು ಹೋಗುವುದು, ಒಪ್ಪಂದವೂ ಆಗಿಹೋಗಿದೆ ಎಂದು ಅಣ್ಣ ಟ್ರಂಕು ತುಂಬುತ್ತಲೇ ಹೇಳಿದ. ಅವ್ವನ ಮುಖ ಅರಳಿತು. ಶಾಂತಿ ಮಾಡಿಸುವುದು ಅವಳಿಗೆ ಗೊತ್ತಿದ್ದ ಕೆಲಸ, ಮನೆತನದ ಕೆಲಸ.

"ಜಗಳಾಡಿದವರು ಕುಂತಾರೇನು?" ಎಂದಳು.

ಎರಡೂ ದೇಶದ ಸರಕಾರದವರು ಕೂತು ಸಹಿ ಮಾಡಿದ್ದಾರೆ ಎಂದ ಅಣ್ಣ.

"ಅಂದ್ರ ಜಗಳಾಡಿದವರು ಬ್ಯಾರೆ, ಕುಂತವರು ಬ್ಯಾರೆ?"

ಅಣ್ಣ ನಕ್ಕ. ನಾನೂ ನಕ್ಕೆ. ನಾನಾಗ ಬೀದರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ಹುಡುಗಿ, ಪ್ರಪಂಚದ ಸಂಗತಿಯೆಲ್ಲ ನನಗೇ ಗೊತ್ತೆಂಬ ಭಾವನೆ. ದೇಶದೇಶಗಳ ವ್ಯವಹಾರ ಕಮಠಾಣದ ಬದುವಿನ ಜಗಳದಂತಲ್ಲ ಎಂದು ಅವ್ವನಿಗೆ ಪಾಠ ಹೇಳಲು ಹೊರಟೆ. ಅವಳು ನನ್ನ ಮಾತಿಗೆ ಕಿವಿಗೊಡದೆ ಒಳಗೆ ಹೋಗಿ ಗಳದ ಮೇಲಿಂದ ರಾಜಿ ಕಂಬಳಿ ಇಳಿಸಿಕೊಂಡು ಬಂದಳು. ಬೇವಿನ ಎಲೆ ಕೊಡವಿ ಅಣ್ಣನ ಟ್ರಂಕಿನಲ್ಲಿ ಬಟ್ಟೆಗಳ ಮೇಲಿಟ್ಟಳು.

ಅಣ್ಣ ಬೇಡವೆಂದ, ಜೊತೆಯವರು ನಗುತ್ತಾರೆಂದ. ಊರಲ್ಲಿ ರಾಜಿ ಬಂದರೆ ಏನು ಹಾಸುತ್ತೀ ಎಂದು ನಾನು ಸಿಟ್ಟಾದೆ. ಅವ್ವ ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೂತುಬಿಟ್ಟಳು. "ಇಲ್ಲಿ ಜಗಳ ಎಲ್ಲಿ ಓಡಿ ಹೋಗ್ತಾವ? ಅಲ್ಲಿ ಮನಿ ಸುಡ್ಲತ್ತಾವಂತ," ಅಂದಳು. ಕಂಬಳಿ ಅಣ್ಣನ ಜೊತೆ ಹೋಯಿತು.

ಅಣ್ಣ ಹೋದ ಹೊಸತರಲ್ಲಿ ಸುದ್ದಿ ಚೆನ್ನಾಗಿಯೇ ಇತ್ತು. ನಮ್ಮ ಸೈನಿಕರಿಗೆ ಅಲ್ಲಿಯ ಜನ ಹಾರ ಹಾಕಿದರೆಂದು ರೇಡಿಯೋ ಹೇಳಿತು. ಅವ್ವ ಓಣಿಯಲ್ಲೆಲ್ಲ ಸಕ್ಕರೆ ಹಂಚಿದಳು. ಆಮೇಲೆ ಕೆಲವೇ ತಿಂಗಳಲ್ಲಿ ಎಲ್ಲ ತಿರುಗಿಬಿತ್ತು. ಯಾರನ್ನು ಕಾಯಲು ಹೋಗಿದ್ದರೋ ಅವರ ಕಡೆಯ ಬಂದೂಕಿನವರಿಗೂ ನಮ್ಮವರಿಗೂ ಕಾದಾಟ ಶುರುವಾಯಿತು. ಸೈನಿಕರು ಶಾಂತಿಗಾಗಿ ಹೋರಾಡುತ್ತಿದ್ದಾರೆಂದು ರೇಡಿಯೋದಲ್ಲಿ ಕೇಳಿ, ಅವ್ವ ಅದನ್ನು ಇನ್ನೊಮ್ಮೆ ಬಿಡಿಸಿ ಹೇಳೆಂದು ನನ್ನನ್ನು ಕೇಳಿದಳು. ಹೇಳಿದೆ. "ಬಿಡಸಲಿಕ್ಕ ಹೋದವರು ಯಾಕ ಬಡದಾಡ್ಲತ್ತಾರ?" ಎಂದಳು. ನಾನೆದ್ದು ರೇಡಿಯೋ ಆರಿಸಿದೆ.

ಆ ದಿನಗಳಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದವಳು ನಡುವೆ ಕೈ ನಿಲ್ಲಿಸಿ ಕೂಡುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂದಾಗಲೇ ಅವಳಿಗೆ ಎಚ್ಚರ. ಪೋಸ್ಟಿನವನು ಓಣಿಗೆ ಬಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಣ್ಣನಿಂದ ಎರಡು ಸಾಲಿನ ಪತ್ರ ಬರುತ್ತಿತ್ತು: ಆರಾಮ ಇದ್ದೇನೆ, ಕುರಿ ಹೇಗಿವೆ. ಕಂಬಳಿಯ ಮಾತು ಅದರಲ್ಲಿ ಇರುತ್ತಿರಲಿಲ್ಲ.

ಕೊನೆಗೆ ಆ ದೇಶವೇ ನೀವಿನ್ನು ಹೋಗಿ ಅಂದಿತು, ನಮ್ಮ ಸರಕಾರ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡಿತು. ಅಣ್ಣ ಬೀದರ ಸ್ಟೇಷನ್ನಿನಲ್ಲಿ ಇಳಿದ ದಿನ ಹಾರ ಹಿಡಿದು ಯಾರೂ ಬಂದಿರಲಿಲ್ಲ. ಅವ್ವ, ನಾನು, ಮತ್ತೆ ಆ ಹೆಸರುಕಾಳಿನ ಹೊಲದ ಹಿರಿಯರು, ಅಷ್ಟೇ. ಅವರು ಅಣ್ಣನನ್ನು ಅಪ್ಪಿಕೊಂಡು ಅತ್ತರು. ಅಣ್ಣ ಅಳಲಿಲ್ಲ. ಮನೆಗೆ ಬಂದು ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ಅವ್ವ ಕೇಳಿಬಿಟ್ಟಳು, "ಕುಂತ್ರೇನಪಾ ಅವರು?" ಅಣ್ಣ ಚೊಂಬು ಕೆಳಗಿಟ್ಟು ಹೇಳಿದ, "ಕಂಬಳಿ ಕಳದ ಹೋಯ್ತವ್ವ." ಅಂದು ಶುರುವಾದದ್ದು ಅದು.

ಅವ್ವ ಸುಮ್ಮನೆ ಕೂಡುವವಳಲ್ಲ. ಮರುವರ್ಷವೇ ಮನೆಮನೆ ತಿರುಗಿ ಹಿಡಿಹಿಡಿ ಉಣ್ಣೆ ತಂದು ಹೊಸ ಕಂಬಳಿ ನೇಯಿಸಿದಳು. ಅಣ್ಣ ರಜೆಗೆ ಬಂದಾಗ ಊರಿನವರು ಒಂದು ರಾಜಿಗೆ ಕರೆದರು. ಅವನು ಒಲ್ಲೆ ಅಂದ. ಹಿರಿಯರು ಬೇಡಿಕೊಂಡರು, ಅವ್ವ ಬೈದಳು, ನಾನಂತೂ ಬಾಯಿಗೆ ಬಂದದ್ದು ಅಂದೆ. ಅವನು ಆ ಕಂಬಳಿಯನ್ನು ಮುಟ್ಟಲೂ ಇಲ್ಲ. ಬೇರೆ ಯಾರಾದರೂ ಹಾಸಿದರೆ ಜನ ಒಪ್ಪುವುದಿಲ್ಲ. ಹಾಗೆ ನಮ್ಮ ಅಂಗಳದಲ್ಲಿ ರಾಜಿ ನಿಂತುಹೋಯಿತು. ನಮ್ಮ ಕಾಕಾನ ಮಕ್ಕಳೇ ಒಂದು ಬದುವಿಗಾಗಿ ಬೀದರಿನ ಕೋರ್ಟು ಹತ್ತಿದರು, ಇವತ್ತಿಗೂ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ. ಅದಕ್ಕೆಲ್ಲ ಅಣ್ಣನ ಹಟವೇ ಕಾರಣ ಎಂದು ನಾನು ಎಷ್ಟೋ ಸಲ ಅವನ ಮುಖಕ್ಕೇ ಹೇಳಿದ್ದೆ.

ಅವನಿಗೆ ಇನ್ನೊಂದು ವಿಚಿತ್ರ ಅಂಟಿಕೊಂಡಿತ್ತು. ಸೈನ್ಯದಿಂದ ನಿವೃತ್ತನಾಗಿ ಬೀದರಿನ ಚಿದ್ರಿಯಲ್ಲಿ ಮನೆ ಕಟ್ಟಿ, ಅವ್ವನನ್ನು ಅಲ್ಲಿಗೇ ಕರೆದುಕೊಂಡ. ಮಾಜಿ ಸೈನಿಕನೆಂದು ಬ್ಯಾಂಕಿನಲ್ಲಿ ಬಂದೂಕು ಹಿಡಿದು ಕಾಯುವ ಕೆಲಸ ಸಿಗುತ್ತಿತ್ತು. ಬೇಡವೆಂದು ಕಾಳಿನ ಗೋದಾಮೊಂದನ್ನು ಕಾಯಲು ಹೋದ. ಅಲ್ಲಿ ಕೊಟ್ಟ ಲಾಠಿಯನ್ನೂ ಹಿಂದಕ್ಕೆ ಕೊಟ್ಟು, ಒಂದು ಬ್ಯಾಟರಿ, ಒಂದು ಸೀಟಿ ಸಾಕೆಂದನಂತೆ. ಇವನೆಂಥ ಕಾವಲುಗಾರ ಎಂದು ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನ ಮುಂದೆ ನಗುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಈ ವಯಸ್ಸಿನಲ್ಲಿ ಆಪರೇಷನ್ ತಡೆಯುವುದಿಲ್ಲ, ಮನೆಗೆ ಕರೆದೊಯ್ಯಿರಿ ಎಂದರು ಡಾಕ್ಟರು. ನನ್ನ ಗಂಡನ ಮನೆ ಭಾಲ್ಕಿ, ಕೆಲಸ ಔರಾದದ ಶಾಲೆಯಲ್ಲಿ. ರಜೆ ಸಿಕ್ಕಾಗಲೆಲ್ಲ ಚಿದ್ರಿಗೆ ಓಡುತ್ತಿದ್ದೆ. ಎಳ್ಳಮಾಸಿ, ಅಂದರೆ ಎಳ್ಳಮಾವಾಸ್ಯೆ ಹಬ್ಬದ ಮರುದಿನ ಸಜ್ಜೆ ರೊಟ್ಟಿ, ಹಸಿ ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ ಕಟ್ಟಿಕೊಂಡು ಹೋದೆ. ಅವ್ವ ಭಜ್ಜಿಯಲ್ಲಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು ಸಾಕೆಂದಳು. ಊಟ ಬಿಟ್ಟಿದ್ದಳು, ಮಾತು ಕಡಿಮೆಯಾಗಿತ್ತು. ಆದರೆ ಅಣ್ಣ ಕೋಣೆಗೆ ಕಾಲಿಟ್ಟರೆ ಸಾಕು, ಬಂದವರು ಹೋದವರು ಯಾರಿದ್ದರೂ ನೋಡದೆ ಕೇಳುತ್ತಿದ್ದಳು. ಅವನು ಬರಬರುತ್ತ ಆ ಕೋಣೆಗೆ ಹೋಗುವುದನ್ನೇ ಕಡಿಮೆ ಮಾಡಿದ. ಸಾಯುತ್ತಿರುವ ತಾಯಿಯ ಮುಖ ನೋಡಲು ಹಿಂಜರಿಯುವ ಮಗನ ಮೇಲೆ ನನಗೆ ಹೇಸಿಗೆ ಹುಟ್ಟಿತ್ತು.

ಅದೇ ವಾರ ಒಂದು ಮಧ್ಯಾಹ್ನ ಅಣ್ಣ ಔರಾದಕ್ಕೆ ಬಂದು ನನ್ನ ಶಾಲೆಯ ಗೇಟಿನ ಹೊರಗೆ ನಿಂತಿದ್ದ. ಅವ್ವ ಹೋದಳೆಂದೇ ತಿಳಿದು ಗೇಟಿನತ್ತ ಓಡಿದೆ. ಹಾಗಲ್ಲ, ಹಾಗಲ್ಲ ಎಂದು ಕೈ ಆಡಿಸಿದ. ಶಾಲೆ ಬಿಟ್ಟ ಮೇಲೆ ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದೆವು. ಔರಾದಕ್ಕೆ ರೈಲಿಲ್ಲ, ಎಲ್ಲರಿಗೂ ಬಸ್ಸೇ ಗತಿ. ಬಂದರೆ ಬಂತು, ಇಲ್ಲವಾದರೆ ಇಲ್ಲ. ತೊಗರಿ ಸುಗ್ಗಿ. ಸ್ಟ್ಯಾಂಡಿನ ತುಂಬ ಚೀಲಗಳು. ಒಂದು ಕಡೆ ಮರಾಠಿ, ಇನ್ನೊಂದು ಕಡೆ ತೆಲುಗು, ನಡುವೆ ನಮ್ಮ ಕನ್ನಡ, ಎಲ್ಲರೂ ಒಂದೇ ಬಸ್ಸಿಗೆ ಬೈಯುತ್ತಿದ್ದರು. ನಾವು ಕಲ್ಲಿನ ಕಟ್ಟೆಯ ತುದಿಯಲ್ಲಿ ಚಹಾ ಹಿಡಿದು ಕೂತೆವು.

ಅವ್ವನಿಗೆ ಏನು ಹೇಳಲಿ ಎಂದು ಕೇಳಲು ಅಷ್ಟು ದೂರ ಬಂದಿದ್ದ. ನನಗೆ ರೇಗಿಹೋಯಿತು. "ಕುಂತ್ರು ಅಂತ ಒಂದು ಸುಳ್ಳು ಹೇಳಿದ್ರ ನಿನ್ನ ಗಂಟೇನು ಹೋಗ್ತದ? ಆಕಿ ಸಮಾಧಾನದಿಂದ ಹೋಗ್ತಾಳ," ಅಂದೆ.

ಅಣ್ಣ ಚಹಾದ ಲೋಟ ಕಟ್ಟೆಯ ಮೇಲಿಟ್ಟ. "ಸುಳ್ಳಲ್ಲ ತಂಗಿ. ಕುಂತಿದ್ರು," ಅಂದ.

ಆಮೇಲೆ ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ಅವನದು ತುಂಡು ತುಂಡು ಮಾತು. ಆ ದ್ವೀಪದ ಪೂರ್ವದ ಕಡೆ ಒಂದು ದೊಡ್ಡ ಕೆರೆ. ಕೆರೆಯ ಈ ದಂಡೆಗೆ ತಮಿಳರ ಮನೆಗಳು, ಆ ದಂಡೆಗೆ ಸಿಂಹಳೀಯರ ಮನೆಗಳು. ಮುಚ್ಚಿದ್ದ ಶಾಲೆಯೊಂದರಲ್ಲಿ ಅಣ್ಣನ ಸೈನ್ಯದ ಠಾಣೆ. ಅಲ್ಲಿ ಇಬ್ಬರು ಮುದುಕರಿದ್ದರು, ಒಬ್ಬ ಈ ಕಡೆಯವನು, ಒಬ್ಬ ಆ ಕಡೆಯವನು. ಇಬ್ಬರ ಗದ್ದೆಗೂ ನೀರು ಬರುವುದು ಒಂದೇ ತೂಬಿನಿಂದ. ಗಲಭೆಗೆ ಮೊದಲು ಸರದಿಯಂತೆ ನೀರು ಬಿಟ್ಟುಕೊಳ್ಳುತ್ತಿದ್ದವರು, ಆಮೇಲೆ ವರ್ಷಗಟ್ಟಲೆ ಮುಖ ನೋಡಿರಲಿಲ್ಲ. ತೂಬು ಮುಚ್ಚಿಯೇ ಇತ್ತು, ಎರಡೂ ಗದ್ದೆ ಬೀಳಾಗಿದ್ದವು.

ಕಾದಾಟ ಇನ್ನೂ ಶುರುವಾಗದಿದ್ದ, ಹಾರ ಹಾಕಿಸಿಕೊಂಡ ದಿನಗಳು ಅವು. ಅಣ್ಣ ತಮಿಳು ಬಲ್ಲ ಹವಾಲ್ದಾರರೊಬ್ಬರನ್ನು ಬೆನ್ನುಹತ್ತಿ, ಅವರ ಮೂಲಕ ಇಬ್ಬರನ್ನೂ ಒಪ್ಪಿಸಿ ತೂಬಿನ ಹತ್ತಿರದ ಮರದಡಿಗೆ ಕರೆತಂದ. ಅವ್ವನ ಕಂಬಳಿ ಬಿಚ್ಚಿದ. ಆ ಸೆಕೆಯಲ್ಲಿ ಉಣ್ಣೆಯ ಕಂಬಳಿ ಕಂಡು ಮುದುಕರಿಬ್ಬರಿಗೂ ನಗು. ಕೂತರು. ನಮ್ಮ ಅಂಗಳದ ಹಾಗೆಯೇ ಕಂಬಳಿ ಅಲ್ಲಿಯೂ ಚುಚ್ಚಿತು. ತೊಡೆ ಕೆರೆದುಕೊಳ್ಳುತ್ತ ಮಾತಿಗೆ ಬಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಮೊದಲಿನಿಂದಲೂ ಬರುತ್ತಿತ್ತಂತೆ. ತಾಳೆ ಬೆಲ್ಲ ಒಬ್ಬರ ಬಾಯಿಗೆ ಒಬ್ಬರು ಇಟ್ಟರು. ಅವತ್ತೇ ತೂಬು ತೆರೆದರು. ಅಣ್ಣ ನೀರಿನ ಹಿಂದೆ ಗದ್ದೆಯ ಕೊನೆಯವರೆಗೂ ನಡೆದುಕೊಂಡು ಹೋದನಂತೆ.

ಇಷ್ಟು ಹೇಳುವಾಗ ಅವನ ಮುಖದಲ್ಲಿ ನಾನು ಎಷ್ಟೋ ವರ್ಷದಿಂದ ಕಾಣದ ಒಂದು ನಗು ಇತ್ತು. ಇದನ್ನು ಯಾಕೆ ಇಷ್ಟು ವರ್ಷ ಬಚ್ಚಿಟ್ಟೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಆ ನಗು ಹೋಗಿಬಿಟ್ಟಿತು.

ಕಾದಾಟ ಶುರುವಾದ ಮೇಲೆ ಒಂದು ಬೆಳಿಗ್ಗೆ ತಮಿಳು ಮುದುಕ ತೂಬಿನ ಹತ್ತಿರ ಸತ್ತು ಬಿದ್ದಿದ್ದ. ಹೊಡೆದವರು ಯಾರೆಂದು ಯಾರೂ ಬಾಯಿ ಬಿಡಲಿಲ್ಲ. ಭಾರತದ ಬಂದೂಕಿನವರು ಹಾಸಿದ್ದರ ಮೇಲೆ ಕೂತವನು ಎಂಬ ಮಾತು ಮಾತ್ರ ಹವಾಲ್ದಾರರ ಕಿವಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಆ ದಂಡೆಯ ಮುದುಕ ಒಬ್ಬನೇ ಠಾಣೆಯ ತಂತಿ ಬೇಲಿಯ ಹತ್ತಿರ ಬಂದು ನಿಂತ. ತನ್ನ ಅಂಗಿಯ ಬಟ್ಟೆ ಚಿವುಟಿ ತೋರಿಸಿ, ತೊಡೆ ಕೆರೆದು ತೋರಿಸಿ, ಕೈ ಚಾಚಿದ. ಕಂಬಳಿ ಕೇಳುತ್ತಿದ್ದಾನೆಂದು ಅಣ್ಣನಿಗೆ ಅರ್ಥವಾಯಿತು. ತಂದುಕೊಟ್ಟ. ಅವನು ಅದನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿ ಸತ್ತವನ ಮೇಲೆ ಹೊದಿಸಿದ. ಅವನ ಮನೆಯೂ ಕೆಲ ದಿನಗಳಲ್ಲಿ ಖಾಲಿಯಾಯಿತು. ಎಲ್ಲಿ ಹೋದನೋ ತಿಳಿಯಲಿಲ್ಲ.

"ಕಂಬಳಿ ಹಾಸೋ ಮುಂದ ಬಂದೂಕು ನನ್ನ ಹೆಗಲ ಮ್ಯಾಲಿತ್ತು ತಂಗಿ," ಅಂದ ಅಣ್ಣ. "ಠಾಣಾ ಬಿಟ್ಟು ಹೊರಗ ಬಂದ್ರ ಬಂದೂಕು ಇಳಸಂಗಿಲ್ಲ. ಹುಕುಂ. ಅಪ್ಪ ಒಂದು ಬಡಿಗಿನೂ ಹಿಡೀತಿರಲಿಲ್ಲ."

ಬಂದೂಕು ಕೆಳಗಿಟ್ಟಿದ್ದರೂ ಆ ಮುದುಕನನ್ನು ಕೊಲ್ಲುತ್ತಿದ್ದರು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳಿದೆ. ಶಿಕ್ಷಕಿಯ ದನಿಯಲ್ಲಿ, ಬಿಡಿಸಿ ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿದ, ಒಪ್ಪಲಿಲ್ಲ. ಗೋದಾಮಿನ ಲಾಠಿ, ಮುಟ್ಟದೆ ಬಿಟ್ಟ ಹೊಸ ಕಂಬಳಿ, ಎಲ್ಲ ನನಗೆ ಒಂದೊಂದಾಗಿ ತಿಳಿಯುತ್ತ ಹೋಯಿತು. ಇಷ್ಟು ವರ್ಷ ನನ್ನಿಂದ ಹಟಮಾರಿ ಎಂದು ಬೈಸಿಕೊಂಡ ಮನುಷ್ಯ ತನ್ನ ಕೈಯೇ ಕೆಟ್ಟಿದೆ ಎಂದು ನಂಬಿಕೊಂಡು ಕೂತಿದ್ದ. ಆ ಗದ್ದಲದ ಸ್ಟ್ಯಾಂಡಿನಲ್ಲಿ ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ತೊಗರಿ ಚೀಲದ ಮೇಲೆ ಕೂತಿದ್ದ ಹೆಂಗಸೊಬ್ಬಳು ಮರಾಠಿಯಲ್ಲಿ ಏನಾಯಿತು ತಾಯಿ ಎಂದು ಕೇಳಿದಳು. ಬಸ್ಸು ಬರಲಿಲ್ಲ ಎಂದೆ.

ಕುಂತಿದ್ರು ಅಂತಷ್ಟೇ ಹೇಳು, ಮುಂದಿನದು ಬೇಡ ಎಂದು ನಾವು ಗೊತ್ತುಮಾಡಿಕೊಂಡೆವು. ಅದು ಸುಳ್ಳೂ ಅಲ್ಲ, ಅವ್ವನಿಗೆ ಅಷ್ಟು ಸಾಕು. ನಾನು ಭಾಲ್ಕಿಯ ಮನೆಗೆ ಫೋನು ಮಾಡಿ ತಿಳಿಸಿ, ಮರುದಿನಕ್ಕೆ ರಜೆ ಹಾಕಿ, ಅಣ್ಣನ ಜೊತೆ ಬೀದರಿನ ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಚಿದ್ರಿಯ ಮನೆಯ ಮುಂದಿನ ಕೋಣೆಯಲ್ಲಿ ಅವ್ವನ ಮಂಚದ ಮೇಲೆ ಬಿಸಿಲು ಬಿದ್ದಿತ್ತು. ವೈನಿ ಅವಳ ತಲೆ ಬಾಚಿ ಒಳಗೆ ಹೋಗಿದ್ದಳು. ಅಣ್ಣ ಸ್ನಾನ ಮಾಡಿ, ತೊಳೆದ ಅಂಗಿ ತೊಟ್ಟು ಬಂದ. ಅವ್ವ ಕಣ್ಣು ಬಿಟ್ಟು ಅವನನ್ನು ನೋಡಿ ತುಟಿ ಅಲುಗಿಸಿದಳು. ಅವಳು ಕೇಳುವ ಮೊದಲೇ ಅಣ್ಣ ಹೇಳಿದ.

"ಕುಂತಿದ್ರವ್ವ."

ಅವ್ವ ಎರಡು ಬೆರಳು ಎತ್ತಿ ತೋರಿಸಿದಳು. "ಇಬ್ರೂ?"

"ಇಬ್ರೂ. ಬೆಲ್ಲ ಇಟ್ಕೊಂಡ್ರು. ತೂಬು ತೆರದು ನೀರು ಬಿಟ್ಕೊಂಡ್ರು."

ಅವ್ವನ ಮುಖದಲ್ಲಿ ನೆರಿಗೆಗಳೆಲ್ಲ ಸಡಿಲವಾದವು. ಕಂಬಳಿ ಚುಚ್ಚಿತೇನು ಎಂದು ಕೇಳಿದಳು. ಚುಚ್ಚಿತೆಂದು ಅಣ್ಣ ಹೇಳಿದಾಗ ಅವಳ ಎದೆಯೊಳಗೆ ಸಣ್ಣದೊಂದು ನಗು ಗೊರಗುಟ್ಟಿತು. ಇಷ್ಟೇ ಸಾಕು, ಇಲ್ಲಿಗೇ ನಿಲ್ಲಲಿ ಎಂದು ನಾನು ಅಣ್ಣನಿಗೆ ಕಣ್ಸನ್ನೆ ಮಾಡಿದೆ. ಆದರೆ ಅವ್ವ ಎಷ್ಟೋ ರಾಜಿಗಳನ್ನು ಬಾಗಿಲಲ್ಲಿ ನಿಂತು ನೋಡಿದವಳು. ಕ್ರಮ ಅವಳಿಗೆ ಬಾಯಿಪಾಠ.

"ಬಂದೂಕು ಎಲ್ಲಿಟ್ಟಿದ್ದಿ?" ಅಂದಳು.

ನಾನು ಮನಸ್ಸಿನಲ್ಲೇ ಅಣ್ಣನಿಗೆ ಕೈ ಮುಗಿದೆ, ಒಂದು ಸುಳ್ಳು ಹೇಳು, ಗೋಡೆಗೆ ಒರಗಿಸಿದ್ದೆ ಅನ್ನು ಎಂದು. ಅವನಿಗೆ ಆಗಲಿಲ್ಲ. ಆ ತಾಯಿಯ ಮುಂದೆ, ಆ ಪ್ರಶ್ನೆಗೆ, ಅವನಿಗೆ ಸುಳ್ಳು ಬರಲಿಲ್ಲ.

"ಹೆಗಲ ಮ್ಯಾಲ ಇತ್ತವ್ವ. ಇಳಸಲಿಕ್ಕ ಹುಕುಂ ಇರಲಿಲ್ಲ."

ಅವ್ವ ಕಣ್ಣು ಮುಚ್ಚಿದಳು. ಹೊರಗೆ ತರಕಾರಿಯವನು ಕೂಗಿಕೊಂಡು ಹೋದ. ನಿದ್ದೆ ಬಂತೇನೋ ಅಂದುಕೊಂಡೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಬಂದೂಕಿನ ಕೆಳಗ ಕುಂತವರ್ನ ಯಾರು ಬಿಡ್ತಾರ? ಇಬ್ರಾಗ ಯಾರು ಹೋದ್ರು?"

ಅಣ್ಣ ನನ್ನ ಕಡೆ ತಿರುಗಿದ. ನಮ್ಮವರು ಯಾರನ್ನು ಕಾಯಲು ಹೋಗಿದ್ದರೋ ಆ ತಮಿಳರ ಮುದುಕ ಹೋದನೆಂದೂ, ಇನ್ನೊಬ್ಬ ಮುದುಕ ಕಂಬಳಿ ತಂದು ಅವನ ಮೇಲೆ ಹೊದಿಸಿದನೆಂದೂ, ಅದಕ್ಕೇ ಅದು ಹಿಂದಕ್ಕೆ ಬರಲಿಲ್ಲವೆಂದೂ ನಾನೇ ಹೇಳಬೇಕಾಯಿತು. ಅವ್ವ ತಲೆಯಾಡಿಸುತ್ತ ಕೇಳಿಸಿಕೊಂಡಳು. ಆಮೇಲೆ ಕೈ ತಡವರಿಸಿ ಅಣ್ಣನ ಕೈ ಹುಡುಕಿ ಹಿಡಿದಳು. ಅದನ್ನು ಮಗುಚಿ ಅಂಗೈ ಮೇಲೆ ಮಾಡಿಕೊಂಡು, ಜೋಳದ ಹಿಟ್ಟು ಕೊಡವುವ ಹಾಗೆ ತನ್ನ ಕೈಯಿಂದ ಮೆಲ್ಲಗೆ ಒರೆಸತೊಡಗಿದಳು.

"ನಿಂದೇನೂ ತಪ್ಪಿಲ್ಲಪಾ. ಕಂಬಳಿ ಕಟ್ಟಿ ಕೊಟ್ಟಾಕಿ ನಾನು. ಬಂದೂಕು ಹೊರಗಿಟ್ಟು ಹೋಗ್ರಿ ಅಂತ ನಾ ಹೇಳಬೇಕಿತ್ತು," ಅಂದಳು. "ಅಷ್ಟು ದೊಡ್ಡ ಸರಕಾರ, ಅದಕ್ಕ ಗೊತ್ತಿರ್ತದ ಅಂತ ತಿಳದಿದ್ದೆ."

ಅಣ್ಣ ಅವಳ ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಅವಳು ಅವನ ಕೈ ಒರೆಸುತ್ತಲೇ ಇದ್ದಳು.